ಅಣ್ಣ ಎಂದ ಮೇಲೆ ಪಾಲು ಕೊಡಬೇಕು

(ಗಿರಣಿ ಕಾರ್ಮಿಕರ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣದ ಪಾಠ)

ಅಧ್ಯಕ್ಷರೆ, ಸಂಗಾತಿಗಳೆ, ಅಂಗಡಿ ಬಾಗಿಲು ಹಾಕಿಕೊಂಡು ಬಂದಿರುವ ವರ್ತಕ ಬಂಧುಗಳೆ, ಅಕ್ಕತಂಗಿಯರೆ,

ಈಗ ನಾನು ನಿಮ್ಮನ್ನು ಕರೆದ ಬಗೆಯನ್ನು ಗಮನಿಸಿ. ಬಾಯಿ ತೆರೆದು ಇನ್ನೂ ಒಂದು ವಾಕ್ಯ ಮುಗಿಸಿಲ್ಲ. ಅಷ್ಟರಲ್ಲಿ ಸಂಗಾತಿ, ಬಂಧು, ಅಕ್ಕ, ತಂಗಿ ಎಂದು ನಾಲ್ಕು ನೆಂಟಸ್ತನ ಕಟ್ಟಿಬಿಟ್ಟೆ. ಇದಕ್ಕೆ ನನಗೆ ಒಂದು ಕಾಸೂ ಖರ್ಚಾಗಲಿಲ್ಲ. ವೇದಿಕೆ ಹತ್ತಿದ ಪ್ರತಿಯೊಬ್ಬನೂ ಹೀಗೆಯೇ ಕರೆಯುತ್ತಾನೆ. ಚುನಾವಣೆ ಬಂದಾಗ ಮಂತ್ರಿಯೂ ಕರೆಯುತ್ತಾನೆ, ಬೋನಸ್ಸಿನ ಮಾತು ಬಂದಾಗ ಮಾಲೀಕನೂ ಕರೆಯುತ್ತಾನೆ. "ನಾವೆಲ್ಲ ಒಂದೇ ಮನೆಯವರು, ಅಣ್ಣತಮ್ಮಂದಿರ ಹಾಗೆ" ಎನ್ನುತ್ತಾನೆ. ಎಲ್ಲರೂ ಎಲ್ಲರಿಗೂ ಅಣ್ಣತಮ್ಮಂದಿರಾಗಿರುವ ಈ ದೇಶದಲ್ಲಿ ಇಷ್ಟೊಂದು ಜನ ಹಸಿದು ಮಲಗುವುದು ಹೇಗೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ಇವತ್ತು ಆ ಮಾತುಗಳನ್ನೇ ತೂಕಕ್ಕೆ ಹಾಕಿ ನೋಡೋಣ. ತಕ್ಕಡಿಯ ವಿಷಯ ಪೇಟೆಯವರಿಗೆ ಗೊತ್ತು. ನೂಲಿನ ಎಳೆಯಲ್ಲಿ ಗಂಟು ಎಲ್ಲಿದೆಯೆಂದು ಕೈಯಲ್ಲೇ ಕಂಡುಹಿಡಿಯುವುದು ಗಿರಣಿಯವರಿಗೆ ಗೊತ್ತು. ಹಾಗಾಗಿ ಈ ಕೆಲಸಕ್ಕೆ ಪಂಡಿತರು ಬೇಕಾಗಿಲ್ಲ.

ಮೊದಲು ನಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನವನು ಬ್ರದರ್ ಎಂದರೆ ಮುಗಿಯಿತು. ಅವನು ದೊಡ್ಡವನೋ ಚಿಕ್ಕವನೋ ಆ ಮಾತು ಹೇಳುವುದಿಲ್ಲ. ಅಚ್ಚ ಕನ್ನಡದಲ್ಲಿ ಹಾಗೆ ಹೇಳಲು ಬಾರದು. ಒಂದೋ ಅಣ್ಣ, ಇಲ್ಲವೋ ತಮ್ಮ. ತಮಿಳಿನಲ್ಲಿಯೂ ಹೀಗೆಯೇ, ತೆಲುಗಿನಲ್ಲಿಯೂ ಹೀಗೆಯೇ. ಮಾತು ಹುಟ್ಟುವಾಗಲೇ ಒಬ್ಬ ಮೇಲೆ, ಒಬ್ಬ ಕೆಳಗೆ. ತಮಿಳುನಾಡಿನಲ್ಲಿ ಅಣ್ಣಾದುರೈ ಅವರನ್ನು ಜನ ಅಣ್ಣಾ ಎಂದೇ ಕರೆದರು; ಅವರು ತಮ್ಮ ಕಾರ್ಯಕರ್ತರಿಗೆ ಪತ್ರ ಬರೆಯುವಾಗ ತಂಬಿ, ಅಂದರೆ ತಮ್ಮಾ, ಎಂದು ಬರೆದರು. ಅದರಲ್ಲಿ ಪ್ರೀತಿ ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಅಣ್ಣ ಹೇಳಬೇಕು, ತಮ್ಮ ಕೇಳಬೇಕು ಎಂಬ ಪದ್ಧತಿಯೂ ಆ ಮಾತಿನೊಳಗೇ ಕುಳಿತಿರುತ್ತದೆ. ಪಕ್ಷದೊಳಗೆ, ಸಂಘದೊಳಗೆ ಅಣ್ಣಂದಿರು ಹೆಚ್ಚಾದಷ್ಟೂ ಲೆಕ್ಕ ಕೇಳುವವರು ಕಡಿಮೆಯಾಗುತ್ತಾರೆ. ಇದನ್ನು ನೆನಪಿನಲ್ಲಿಡಿ.

ಇಬ್ಬರನ್ನೂ ಸಮನಾಗಿ ಹೇಳಬೇಕಾದಾಗ ನಾವು ಸಂಸ್ಕೃತದಿಂದ ಸಹೋದರ ಎಂಬುದನ್ನು ತಂದುಕೊಂಡೆವು. ಸಹ ಎಂದರೆ ಒಟ್ಟಿಗೆ, ಉದರ ಎಂದರೆ ಹೊಟ್ಟೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಸಹೋದರ. ನಮ್ಮ ಒಡಹುಟ್ಟಿದವನು ಎಂಬ ಮಾತಿಗೂ ಅರ್ಥ ಅದೇ: ಒಡನೆ ಹುಟ್ಟಿದವನು. ಈ ಅರ್ಥವನ್ನು ಬಿಗಿಯಾಗಿ ಹಿಡಿದರೆ ಗಿರಣಿಯಲ್ಲಿ ಪಕ್ಕದ ಯಂತ್ರದ ಮುಂದೆ ನಿಂತವನು ನಮಗೆ ಏನೂ ಅಲ್ಲ. ಅವನ ತಾಯಿ ಬೇರೆ, ಊರು ಬೇರೆ, ಜಾತಿ ಬೇರೆ. ಭ್ರಾತೃ ಎಂಬುದು ಇನ್ನೊಂದು ಮಾತು. ಇದು ಬಹಳ ದೂರ ಸಂಚಾರ ಮಾಡಿದ ಮಾತು. ಪಾರಸಿಯ ಬಿರಾದರ್, ಹಿಂದಿಯ ಭಾಯಿ, ಇಂಗ್ಲಿಷಿನ ಬ್ರದರ್, ರೋಮಿನವರ ಫ್ರಾತೆರ್, ಎಲ್ಲವೂ ಒಂದೇ ಬುಡದ ಕೊಂಬೆಗಳು. ಮಾತುಗಳು ಒಂದೇ ಮನೆತನದವು. ಅವುಗಳನ್ನಾಡುವ ಜನ ಮಾತ್ರ ಒಬ್ಬರ ಮೇಲೊಬ್ಬರು ಕತ್ತಿ ಹಿಡಿದುಕೊಂಡು ಬಂದಿದ್ದಾರೆ!

ಬಂಧು ಎಂಬ ಮಾತು ಕಟ್ಟು ಎಂಬ ಧಾತುವಿನಿಂದ ಬಂದದ್ದು. ಬಂಧನ, ಬಂಧು ಎರಡೂ ಒಂದೇ ಬೇರಿನವು. ಇದು ಹುಟ್ಟಿನ ಮಾತಲ್ಲ, ಕಟ್ಟಿನ ಮಾತು. ಕಟ್ಟಿಕೊಂಡರೆ ಬಂಧು; ಬಿಚ್ಚಿದರೆ ಇಲ್ಲ.

ಇನ್ನು ದಾಯಾದಿ. ಈ ಮಾತು ಕೇಳಿದರೆ ನಮ್ಮ ಹಳ್ಳಿಯವರು ಮುಖ ಸಿಂಡರಿಸುತ್ತಾರೆ. ದಾಯಾದಿ ಮತ್ಸರ ಎಂಬ ನುಡಿಯೇ ಹುಟ್ಟಿಕೊಂಡಿದೆ. ಕೌರವ ಪಾಂಡವರ ಕಥೆಯೆಲ್ಲ ದಾಯಾದಿಗಳ ಕಥೆಯೇ. ಆದರೆ ಮಾತಿನ ಅರ್ಥ ನೋಡಿ. ದಾಯ ಎಂದರೆ ಪಾಲು. ದಾಯಾದ ಎಂದರೆ ಪಾಲು ಪಡೆಯುವವನು. ಅವನ ಹಕ್ಕು ಯಾರ ದಯೆಯೂ ಅಲ್ಲ. ನನ್ನ ದೃಷ್ಟಿಯಲ್ಲಿ ಈ ಎಲ್ಲ ಮಾತುಗಳಲ್ಲಿ ಪ್ರಾಮಾಣಿಕವಾದ ಮಾತು ಇದೊಂದೇ. ಸಹೋದರ ಎಂಬ ಮಾತು ಪ್ರೀತಿಯನ್ನು ಹೇಳುತ್ತದೆ, ಲೆಕ್ಕವನ್ನು ಮರೆಸುತ್ತದೆ. ದಾಯಾದಿ ಎಂಬ ಮಾತು ಲೆಕ್ಕವನ್ನು ಎದುರಿಗೆ ತಂದು ಇಡುತ್ತದೆ. ಅದಕ್ಕೇ ಅದು ಬೈಗುಳವಾಯಿತು.

ಈ ಪಾಲಿನ ಶಾಸ್ತ್ರವನ್ನು ಬರೆದ ಒಂದು ಮುಖ್ಯ ಗ್ರಂಥ ನಮ್ಮ ನಾಡಿನಲ್ಲೇ ಹುಟ್ಟಿತು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಲ್ಲಿ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಇಂಗ್ಲಿಷರ ಕೋರ್ಟುಗಳೂ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ವ್ಯಾಜ್ಯಗಳನ್ನು ಅದರ ಆಧಾರದಿಂದಲೇ ತೀರ್ಮಾನಿಸಿದವು. ಅದರ ಮುಖ್ಯ ತತ್ತ್ವ ಇಷ್ಟು: ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತ ಮೇಲಲ್ಲ, ತಾನು ಹುಟ್ಟಿದ ಕ್ಷಣದಲ್ಲೇ. ಅಂದರೆ ಅಣ್ಣನು ಯಜಮಾನಿಕೆ ಮಾಡಬಹುದು, ಆದರೆ ತಮ್ಮನು ಪಾಲು ಕೇಳಿದರೆ ಇಲ್ಲ ಎನ್ನುವಂತಿಲ್ಲ. "ನಾವೆಲ್ಲ ಒಂದೇ ಮನೆಯವರು" ಎನ್ನುವ ಮಾಲೀಕನಿಗೆ ನಾವು ಕೊಡಬೇಕಾದ ಉತ್ತರ ಇಲ್ಲಿದೆ. ಸ್ವಾಮಿ, ಒಂದೇ ಮನೆಯಾದರೆ ಬಹಳ ಸಂತೋಷ. ಹಾಗಾದರೆ ಮನೆಯ ಲೆಕ್ಕದ ಪುಸ್ತಕ ಹೊರಗೆ ತನ್ನಿ. ನಮ್ಮ ದಾಯ ಎಷ್ಟು ಹೇಳಿ. ಪಾಲು ಕೊಡದೆ ಅಣ್ಣನಾಗುವ ಶಾಸ್ತ್ರ ಮಿತಾಕ್ಷರೆಯಲ್ಲಿ ಇಲ್ಲ.

ಆದರೆ ಅದೇ ಶಾಸ್ತ್ರದಲ್ಲಿ ಒಂದು ದೊಡ್ಡ ತೂತು ಇತ್ತು. ಅದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಿಗೆ, ತಂಗಿಗೆ ಹುಟ್ಟಿನಿಂದ ಪಾಲು ಇರಲಿಲ್ಲ. ಹಬ್ಬಕ್ಕೆ ಕುಪ್ಪಸ, ಬಾಣಂತನಕ್ಕೆ ತವರು, ಅಲ್ಲಿಗೆ ತೀರಿತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದರೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಹುಟ್ಟಿನ ಹಕ್ಕುದಾರಳಾಗಲಿಲ್ಲ. ಕರ್ನಾಟಕವು 1994ರಲ್ಲಿ ತಿದ್ದುಪಡಿ ಮಾಡಿತು, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಆಮೇಲೂ ವ್ಯಾಜ್ಯ ನಡೆದು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಬೇಕಾದರೆ 2020 ಬರಬೇಕಾಯಿತು. ವಿಜ್ಞಾನೇಶ್ವರನಿಂದ ಅಲ್ಲಿಗೆ ಒಂಬೈನೂರು ವರ್ಷ! ಸಹೋದರ ಎಂಬ ಮಾತಿನ ಪಕ್ಕದಲ್ಲಿ ಸಹೋದರಿ ಎಂಬ ಮಾತು ಸಮನಾಗಿ ನಿಲ್ಲಲು ಇಷ್ಟು ಕಾಲ ಹಿಡಿಯಿತು. ಇಲ್ಲಿ ಕುಳಿತಿರುವ ಗಂಡಸರಲ್ಲಿ ಎಷ್ಟು ಮಂದಿ ತಂಗಿಯ ಕೈಯಲ್ಲಿ "ಹಕ್ಕು ಬಿಟ್ಟಿದ್ದೇನೆ" ಎಂದು ರುಜು ಹಾಕಿಸಿಕೊಂಡಿದ್ದಾರೆ ಎಂಬುದನ್ನು ನಾನು ಕೇಳುವುದಿಲ್ಲ. ಅವರವರೇ ಕೇಳಿಕೊಳ್ಳಲಿ.

ಪ್ರಪಂಚದ ದೊಡ್ಡ ಸಭೆಯಲ್ಲಿಯೂ ಇದೇ ನಡೆಯಿತು. ವಿಶ್ವಸಂಸ್ಥೆಯು 1948ರಲ್ಲಿ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಕರಡಿನಲ್ಲಿ ಎಲ್ಲ ಪುರುಷರು ಎಂಬ ಅರ್ಥ ಬರುವ ಮಾತಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಎಂಬ ತಾಯಿ ಅದನ್ನು ಒಪ್ಪಲಿಲ್ಲ. ಅವರು ಹಟ ಹಿಡಿದ ಮೇಲೆ ಎಲ್ಲ ಮಾನವರು ಎಂದು ಬದಲಾಯಿತು. ಆದರೂ ಅದೇ ಮೊದಲನೆಯ ವಿಧಿಯ ಕೊನೆಯಲ್ಲಿ ಸಹೋದರ ಭಾವ ಎಂಬ ಮಾತು ಹಾಗೆಯೇ ಉಳಿಯಿತು. ಸಹೋದರಿಗೆ ಅಲ್ಲಿ ಇನ್ನೂ ಜಾಗವಾಗಿಲ್ಲ.

ಈಗ ಫ್ರಾನ್ಸಿಗೆ ಹೋಗೋಣ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಮಾತುಗಳನ್ನು ಜಗತ್ತಿಗೆ ಕೊಟ್ಟದ್ದು 1789ರ ಫ್ರೆಂಚ್ ಕ್ರಾಂತಿ ಎಂದು ಶಾಲೆಯ ಪಾಠದಲ್ಲಿ ಓದುತ್ತೇವೆ. ಈ ಮೂರನ್ನೂ ರಾಜ್ಯದ ಅಧಿಕೃತ ಘೋಷಣೆ ಮಾಡಿದ್ದು 1848ರ ಗಣರಾಜ್ಯ. ಆ ವರ್ಷ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಕೂಲಿಕಾರರೂ ಮಧ್ಯಮ ವರ್ಗದವರೂ ಕೂಡಿ ರಾಜನನ್ನು ಓಡಿಸಿದರು. ಬೀದಿ ಬೀದಿಯಲ್ಲಿ ಭ್ರಾತೃತ್ವದ ಘೋಷಣೆಯಾಯಿತು. ನಿರುದ್ಯೋಗಿಗಳಿಗೆ ಕೆಲಸ ಕೊಡಲು ರಾಷ್ಟ್ರೀಯ ಕಾರ್ಖಾನೆಗಳೆಂಬ ವ್ಯವಸ್ಥೆ ಬಂತು. ಏಪ್ರಿಲ್ ತಿಂಗಳಲ್ಲಿ ವಸಾಹತುಗಳ ಗುಲಾಮಗಿರಿಯನ್ನು ರದ್ದುಪಡಿಸಿದರು. ಇದು ನಿಜವಾಗಿ ದೊಡ್ಡ ಕೆಲಸ. ಆದರೆ ಜೂನ್ ಬರುವ ಹೊತ್ತಿಗೆ ಹಣವಂತರಿಗೆ ಖರ್ಚು ಹೆಚ್ಚೆನಿಸಿತು. ರಾಷ್ಟ್ರೀಯ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆಯಾಯಿತು. ಕೆಲಸ ಕೇಳಿ ಬೀದಿಗೆ ಬಂದ ಕಾರ್ಮಿಕರ ಮೇಲೆ ಜನರಲ್ ಕಾವೆಞ್ಯಾಕನ ಸೇನೆ ಫಿರಂಗಿ ಹಾರಿಸಿತು. ಸಾವಿರಾರು ಜನ ಸತ್ತರು, ಸಾವಿರಾರು ಜನ ಗಡೀಪಾರಾದರು. ಫೆಬ್ರವರಿಯಲ್ಲಿ ಅಣ್ಣತಮ್ಮಂದಿರು, ಜೂನಿನಲ್ಲಿ ಗುಂಡು. ನಡುವೆ ನಾಲ್ಕೇ ತಿಂಗಳು. ಆ ಗಣರಾಜ್ಯ ಸಾರ್ವತ್ರಿಕವೆಂದು ಕೊಟ್ಟ ಮತದಾನವೂ ಗಂಡಸರಿಗೆ ಮಾತ್ರ. ಫ್ರಾನ್ಸಿನ ಹೆಂಗಸರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1847ರಲ್ಲಿ, ಲಂಡನ್ನಿನಲ್ಲಿ ಯೂರೋಪಿನ ದೇಶಭ್ರಷ್ಟ ಕಾರ್ಮಿಕರ ಒಂದು ಸಂಘ ಸಭೆ ಸೇರಿತ್ತು. ನ್ಯಾಯವಂತರ ಸಂಘ ಎಂದು ಅದರ ಹೆಸರು. ಎಲ್ಲ ಮನುಷ್ಯರೂ ಸಹೋದರರು ಎಂಬುದು ಅವರ ಘೋಷವಾಕ್ಯವಾಗಿತ್ತು. ಆ ಸಭೆಯಲ್ಲಿ ಹೆಸರೂ ಬದಲಾಯಿತು, ಘೋಷವೂ ಬದಲಾಯಿತು. ಎಲ್ಲ ದೇಶಗಳ ಕಾರ್ಮಿಕರು ಒಂದಾಗಲಿ ಎಂಬ, ನಿಮಗೆಲ್ಲ ಗೊತ್ತಿರುವ ಮಾತು ಅಂದಿನಿಂದ ನಡೆದು ಬಂತು. ಈ ಬದಲಾವಣೆ ಏಕೆ? ಎಲ್ಲರೂ ಸಹೋದರರು ಎಂದು ಹೇಳಿಬಿಟ್ಟರೆ ಸುಲಿಯುವವನೂ ಸಹೋದರ, ಸುಲಿಸಿಕೊಳ್ಳುವವನೂ ಸಹೋದರ ಎಂದಾಗುತ್ತದೆ. ಆಮೇಲೆ ಜಗಳಕ್ಕೆ ಜಾಗವೆಲ್ಲಿ? ಹಾಗೆಂದು ಆ ಹಳೆಯ ಘೋಷ ಸುಳ್ಳು ಎಂದು ನಾನು ಹೇಳುವುದಿಲ್ಲ. ಅದು ನಾವು ಮುಟ್ಟಬೇಕಾದ ಊರಿನ ಹೆಸರು. ಹೊಸದು ಆ ಊರಿಗೆ ಹೋಗುವ ದಾರಿಯ ಹೆಸರು. ನಾವು ಸಮಾಜವಾದಿಗಳು ಊರನ್ನೂ ಮರೆಯಬಾರದು, ದಾರಿಯನ್ನೂ ಬಿಡಬಾರದು.

ಆದರೆ ಕಾರ್ಮಿಕರು ಒಂದಾಗಲಿ ಎಂದ ಮಾತ್ರಕ್ಕೆ ಒಂದಾದರೆ? ಇಲ್ಲ. ಅಮೆರಿಕದ ರೈಲ್ವೆ ಕಾರ್ಮಿಕರ ಹಳೆಯ ಸಂಘಗಳು ಯೂನಿಯನ್ ಎಂದು ಕೂಡ ಹೆಸರಿಟ್ಟುಕೊಳ್ಳಲಿಲ್ಲ. ಬ್ರದರ್‌ಹುಡ್, ಅಂದರೆ ಸೋದರ ಸಂಘ, ಎಂದೇ ಹೆಸರಿಟ್ಟುಕೊಂಡವು. ಇಂಜಿನ್ ಚಾಲಕರ ಸೋದರ ಸಂಘ 1863ರಷ್ಟು ಹಿಂದಿನದು. ಆದರೆ ಅದರ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ! ಕರಿಯ ಕಾರ್ಮಿಕನು ಅದೇ ಕಲ್ಲಿದ್ದಲನ್ನು ಅದೇ ಒಲೆಗೆ ಹಾಕುತ್ತಿದ್ದನು. ಸೋದರ ಮಾತ್ರ ಆಗಲಿಲ್ಲ. ಆಗ ಆ ಕರಿಯ ಕಾರ್ಮಿಕರು ಏನು ಮಾಡಿದರು? ಪುಲ್ಮನ್ ಕಂಪನಿಯ ಮಲಗುವ ಗಾಡಿಗಳಲ್ಲಿ ಹಾಸಿಗೆ ಹಾಸುವ, ಪ್ರಯಾಣಿಕರ ಬೂಟು ಒರೆಸುವ ಪೋರ್ಟರುಗಳು ಬಹುಮಟ್ಟಿಗೆ ಕರಿಯರೇ. ಅವರಿಗೆ ಸ್ವಂತ ಹೆಸರೂ ಇರಲಿಲ್ಲ. ಕಂಪನಿಯ ಧಣಿಯ ಹೆಸರು ಜಾರ್ಜ್ ಪುಲ್ಮನ್ ಆಗಿದ್ದುದರಿಂದ ಪ್ರಯಾಣಿಕರು ಪ್ರತಿಯೊಬ್ಬ ಪೋರ್ಟರನನ್ನೂ ಜಾರ್ಜ್ ಎಂದೇ ಕೂಗುತ್ತಿದ್ದರು. 1925ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಸಂಘ ಕಟ್ಟಿದರು. ನಾಯಕ ಫಿಲಿಪ್ ರಾಂಡಾಲ್ಫ್, ನಮ್ಮ ಹಾಗೆಯೇ ಸಮಾಜವಾದಿ. ಸಂಘಕ್ಕೆ ಅವರು ಇಟ್ಟ ಹೆಸರಿನಲ್ಲಿಯೂ ಬ್ರದರ್‌ಹುಡ್ ಎಂಬ ಮಾತೇ ಇತ್ತು. ನೀವು ನಮ್ಮನ್ನು ಹೊರಗಿಟ್ಟ ಮಾತು ಇದೇ ತಾನೆ, ಇದನ್ನು ನಾವು ಸರಿಯಾಗಿ ಬಳಸಿ ತೋರಿಸುತ್ತೇವೆ ಎಂಬಂತೆ. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ರುಜು ಹಾಕಿಸಿದರು. ಸಂಬಳ ಹೆಚ್ಚಿತು, ದುಡಿಮೆಯ ಗಂಟೆ ಇಳಿಯಿತು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದ ವಾಷಿಂಗ್‌ಟನ್ನಿನ ಮಹಾ ಮೆರವಣಿಗೆಗೂ ಈ ರಾಂಡಾಲ್ಫನೇ ಮುಂದಾಳು.

ಅದು ಅಮೆರಿಕದ ಬಣ್ಣದ ರೋಗ ಎಂದು ನಾವು ತಲೆಯಾಡಿಸುವುದು ಸುಲಭ. ನಮ್ಮ ಗಿರಣಿಯ ಕಥೆ ಕೇಳಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗದಲ್ಲಿ ಸಂಬಳ ಹೆಚ್ಚು. ಅಲ್ಲಿಗೆ ಅಸ್ಪೃಶ್ಯರೆನಿಸಿದವರನ್ನು ಬಿಡುತ್ತಿರಲಿಲ್ಲ. ಕಾರಣ ಏನೆಂದರೆ, ಲಾಳಿಯಲ್ಲಿ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಎಳೆದು ತೆಗೆಯುತ್ತಿದ್ದರು. ಒಬ್ಬನ ಬಾಯಿ ತಾಗಿದ ಲಾಳಿಗೆ ಇನ್ನೊಬ್ಬನು ಬಾಯಿ ಹಾಕಬೇಕು. ಅದಕ್ಕೆ ಸವರ್ಣ ಕಾರ್ಮಿಕರು ಒಪ್ಪಲಿಲ್ಲ. ಮಾಲೀಕನ ಎದುರು ಎಲ್ಲರೂ ಕಾರ್ಮಿಕರು, ಲಾಳಿಯ ಎದುರು ಜಾತಿಯವರು! 1928ರಲ್ಲಿ ಮುಂಬಯಿಯಲ್ಲಿ ಗಿರಣಿಗಳ ಮಹಾ ಮುಷ್ಕರವಾಯಿತು; ತಿಂಗಳುಗಟ್ಟಲೆ ನಡೆಯಿತು. ಆಗ ಡಾಕ್ಟರ್ ಅಂಬೇಡ್ಕರರು ಮುಷ್ಕರದ ಮುಂದಾಳುಗಳಿಗೆ ಹೇಳಿದ್ದು ಇದನ್ನೇ: ನಿಮ್ಮ ಬೇಡಿಕೆಗಳ ಪಟ್ಟಿಯಲ್ಲಿ ನೇಯ್ಗೆ ವಿಭಾಗದ ಬಾಗಿಲು ನಮ್ಮವರಿಗೂ ತೆರೆಯಬೇಕೆಂಬುದನ್ನು ಸೇರಿಸಿ. ಮಾಲೀಕನಿಂದ ನ್ಯಾಯ ಕೇಳುವವನು ಪಕ್ಕದವನಿಗೆ ನ್ಯಾಯ ಕೊಡಬೇಕು ಎಂಬುದು ಅದರ ತಿರುಳು. ಹತ್ತು ವರ್ಷದ ಮೇಲೆ, 1938ರಲ್ಲಿ, ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಮಾತನಾಡುತ್ತ, ಕಾರ್ಮಿಕನಿಗೆ ಶತ್ರುಗಳು ಇಬ್ಬರು, ಒಂದು ಬಂಡವಾಳಶಾಹಿ, ಇನ್ನೊಂದು ಬ್ರಾಹ್ಮಣಶಾಹಿ ಎಂದರು. ಎರಡನೆಯದೆಂದರೆ ಒಂದು ಜಾತಿಯ ಜನವಲ್ಲ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಅಲ್ಲಗಳೆಯುವ ಮನೋಭಾವ, ಅದು ಯಾವ ಜಾತಿಯವನಲ್ಲಿಯೂ ಇರಬಹುದು ಎಂದು ಬಿಡಿಸಿ ಹೇಳಿದರು. ಅದೇ ವರ್ಷ ನವೆಂಬರ್ 7ರಂದು ಕಾರ್ಮಿಕರ ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಮಸೂದೆಯ ವಿರುದ್ಧ ಅವರ ಪಕ್ಷವೂ ಕಮ್ಯೂನಿಸ್ಟರೂ ಕೂಡಿ ಮುಂಬಯಿಯಲ್ಲಿ ಮುಷ್ಕರ ನಡೆಸಿದರು.

ನಮ್ಮ ರಾಜ್ಯಾಂಗದ ಪೀಠಿಕೆಗೆ ಭ್ರಾತೃತ್ವ ಎಂಬ ಮಾತು ಬಂದದ್ದೂ ಅವರ ಸಮಿತಿಯಿಂದಲೇ. 1946ರ ಡಿಸೆಂಬರಿನಲ್ಲಿ ನೆಹರೂ ಮಂಡಿಸಿದ ಗುರಿಗಳ ನಿರ್ಣಯದಲ್ಲಿ ಆ ಮಾತು ಇರಲಿಲ್ಲ. 1948ರಲ್ಲಿ ಅಂಬೇಡ್ಕರರ ಕರಡು ಸಮಿತಿಯು ಅದನ್ನು ಸೇರಿಸಿತು. ಅದು ದೇಶ ಒಡೆದು ರಕ್ತ ಹರಿದ ಹೊತ್ತು. ಇಷ್ಟರ ಮಟ್ಟಿಗೆ ಆ ಮಾತಿನ ಅಗತ್ಯ ಹಿಂದೆಂದೂ ಇರಲಿಲ್ಲ ಎಂಬುದು ಸಮಿತಿಯ ಭಾವನೆಯಾಗಿತ್ತು. 1949ರ ನವೆಂಬರ್ 25ರಂದು ರಾಜ್ಯಾಂಗ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅಂಬೇಡ್ಕರರು ಈ ಮೂರು ಮಾತುಗಳನ್ನು ಒಂದರಿಂದೊಂದು ಬೇರ್ಪಡಿಸಲಾಗದು, ಬೇರ್ಪಡಿಸಿದರೆ ಪ್ರಜಾಪ್ರಭುತ್ವವೇ ಸತ್ತಂತೆ ಎಂದು ವಿವರಿಸಿದರು. 1954ರ ರೇಡಿಯೋ ಭಾಷಣದಲ್ಲಿ, ಇವುಗಳನ್ನು ನಾನು ಫ್ರೆಂಚ್ ಕ್ರಾಂತಿಯಿಂದ ತಂದದ್ದಲ್ಲ, ನನ್ನ ಗುರು ಬುದ್ಧನಿಂದ ಪಡೆದದ್ದು ಎಂದರು. ಭ್ರಾತೃತ್ವ ಎಂಬ ಮಾತೂ ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಬುದ್ಧನ ಮೈತ್ರಿ ಎಂಬುದೇ ಸರಿಯಾದ ಮಾತು ಎಂದು ಬರೆದಿದ್ದಾರೆ. ಅವರು ಹೇಳಿದ್ದು ಅಷ್ಟು. ನನಗೆ ತೋರುವ ಕಾರಣ ಇದು: ಮೈತ್ರಿಗೆ ಒಂದೇ ಹೊಟ್ಟೆ ಬೇಕಾಗಿಲ್ಲ. ಗಂಡು ಹೆಣ್ಣು ಎಂಬ ಗೆರೆ ಇಲ್ಲ. ಅಣ್ಣ ತಮ್ಮ ಎಂಬ ಮೇಲು ಕೀಳು ಇಲ್ಲ.

ಈ ಮಾತನ್ನು ಬಾಳಿ ತೋರಿಸಲು ಹೊರಟವರು ನಮ್ಮ ನಾಡಿನಲ್ಲಿ ಹಿಂದೆಯೇ ಆಗಿಹೋಗಿದ್ದಾರೆ. ವಿಜ್ಞಾನೇಶ್ವರನು ಪಾಲಿನ ಶಾಸ್ತ್ರ ಬರೆದ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಮೇಲೆ, ಬಸವಣ್ಣನವರು ನೆಂಟಸ್ತನದ ಮಾತುಗಳನ್ನೇ ತಲೆಕೆಳಗು ಮಾಡಿದರು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಮನೆತನದ ಹಿರಿಯರೆಂದು ಎಣಿಸಿಕೊಂಡರು. ಅವರ ಬಳಗದಲ್ಲಿ ಅಣ್ಣ, ಅಕ್ಕ, ಅಯ್ಯ ಎಂಬ ಮಾತುಗಳು ಹುಟ್ಟನ್ನು ಬಿಟ್ಟು ನಡತೆಗೆ ಅಂಟಿಕೊಂಡವು. ಮಾತು ಇರುವವರೆಗೆ ಊರು ಸುಮ್ಮನಿತ್ತು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಕಲ್ಯಾಣದಲ್ಲಿ ಬೆಂಕಿ ಬಿತ್ತು ಎಂದು ಪರಂಪರೆ ಹೇಳುತ್ತದೆ. ಅಣ್ಣ ಎಂದು ಕರೆದುದಕ್ಕೆ ಯಾರೂ ಆನೆಯ ಕಾಲಿಗೆ ಕಟ್ಟಲಿಲ್ಲ. ಅಣ್ಣನೆಂದು ನಡೆದುಕೊಂಡುದಕ್ಕೆ ಕಟ್ಟಿದರು. ಎಲ್ಲಿ ಮಾತಿಗೆ ಬೆಲೆ ತೆರಬೇಕಾಗುತ್ತದೋ ಅಲ್ಲಿ ಆ ಮಾತು ನಿಜವಾಗುತ್ತದೆ.

ಇನ್ನೆರಡು ಮಾತುಗಳು ಉಳಿದಿವೆ. ಒಂದು ಕಾಮ್ರೇಡ್. ಇದು ಸ್ಪೇನಿನವರ ಮಾತಿನಿಂದ ಬಂದದ್ದು. ಮೂಲ ಅರ್ಥ ಒಂದೇ ಕೋಣೆಯಲ್ಲಿ ಮಲಗುವವನು ಎಂದು. ಸಿಪಾಯಿಗಳು ಒಂದೇ ಕೋಣೆಯಲ್ಲಿ ಇರುತ್ತಿದ್ದರು, ಅದರಿಂದ ಆ ಹೆಸರು. ಇನ್ನೊಂದು ಕೇಳಿದರೆ ನಿಮಗೆ ನಗು ಬರುತ್ತದೆ: ಕಂಪನಿ. ರೋಮಿನವರ ಭಾಷೆಯಲ್ಲಿ ಪಾನಿಸ್ ಎಂದರೆ ರೊಟ್ಟಿ. ಕೂಡಿ ರೊಟ್ಟಿ ತಿನ್ನುವವರು ಎಂಬುದರಿಂದ ಕಂಪನಿ ಎಂಬ ಮಾತು ಹುಟ್ಟಿತು. ಗಿರಣಿಯ ಹೆಬ್ಬಾಗಿಲ ಮೇಲೆ ಬರೆದಿರುವ ಮಾತಿಗೆ ಅರ್ಥ, ರೊಟ್ಟಿ ಹಂಚಿಕೊಂಡು ತಿನ್ನುವವರು ಎಂದು! ಬೋರ್ಡಿನ ಮೇಲೆ ಆ ಮಾತು ಇದೆ, ಒಳಗೆ ರೊಟ್ಟಿ ಹಂಚುವ ಲೆಕ್ಕ ಬೇರೆ ಇದೆ. ಪೇಟೆಯವರು ನಗಬೇಡಿ. ನಿಮ್ಮ ಬೋರ್ಡುಗಳಲ್ಲಿ "ಅಂಡ್ ಬ್ರದರ್ಸ್" ಎಂದು ಬರೆದಿರುತ್ತದೆ. ಒಳಗೆ ಆ ಬ್ರದರ್ಸು ಕೋರ್ಟಿನಲ್ಲಿ ಎದುರುಬದುರು ನಿಂತಿರುವುದೂ ಉಂಟು. ಕಾರಣ ಮತ್ತೆ ಅದೇ: ಹೆಸರು ಹಂಚಿಕೊಂಡರು, ಪಾಲು ಹಂಚಿಕೊಳ್ಳಲಿಲ್ಲ.

ಪಾಲು, ಅಳತೆ, ತೂಕ. ಇವೇ ಕೊನೆಗೆ ಉಳಿಯುವ ಪರೀಕ್ಷೆ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಎದ್ದಾಗ ಜಗಳ ಯಾವುದರ ಮೇಲೆ ಬಿತ್ತು? ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಧಣಿಯ ಕೊಳಗ ದೊಡ್ಡದು ಎಂಬುದು ರೈತರ ದೂರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಅತ್ತ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 1844ರ ಡಿಸೆಂಬರಿನಲ್ಲಿ ನೇಕಾರರೇ ಮೊದಲಾದ 28 ಜನ ಕೂಡಿ ಒಂದು ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಷ್ಟೇ ಸಾಮಾನು. ಅವರ ಕಟ್ಟುಪಾಡು ಸರಿಯಾದ ತೂಕ, ಕಲಬೆರಕೆಯಿಲ್ಲದ ಮಾಲು, ಲಾಭವನ್ನು ಕೊಂಡವರಿಗೇ ಹಂಚುವುದು, ಒಬ್ಬರಿಗೆ ಒಂದೇ ಮತ. ಸಹಕಾರ ಚಳವಳಿ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಅದೇ ಬಳ್ಳಿಯ ಕುಡಿ. ರಾಚ್‌ಡೇಲಿನವರು ಸೋದರತ್ವದ ಮೇಲೆ ಉಪನ್ಯಾಸ ಮಾಡುತ್ತ ಕೂರಲಿಲ್ಲ. ತಕ್ಕಡಿಯನ್ನು ಸರಿ ಮಾಡಿದರು. ಸಣ್ಣ ವರ್ತಕ ಬಂಧುಗಳೆ, ಮುಷ್ಕರದ ದಿನಗಳಲ್ಲಿ ಉದ್ರಿ ಕೊಟ್ಟು ಕಾರ್ಮಿಕರ ಒಲೆ ಆರದಂತೆ ನೋಡಿಕೊಳ್ಳುವವರು ನೀವೇ. ಗಿರಣಿಯವನ ಸಂಬಳ ಬಂದರೆ ನಿಮ್ಮ ಗಲ್ಲಾಪೆಟ್ಟಿಗೆ ತುಂಬುತ್ತದೆ, ಅವನು ಬಿದ್ದರೆ ನೀವೂ ಬೀಳುತ್ತೀರಿ. ಈ ಕಟ್ಟು ಹುಟ್ಟಿನಿಂದ ಬಂದದ್ದಲ್ಲ, ಬಾಳಿನಿಂದ ಬಂದದ್ದು. ಬಂಧು ಎಂಬ ಮಾತು ನಿಮಗೆ ಸಲ್ಲುವುದು ಇದೇ ಅರ್ಥದಲ್ಲಿ.

ಈಗ ನಮ್ಮ ಮುಂದಿರುವ ಕೆಲಸಕ್ಕೆ ಬರುತ್ತೇನೆ. ಬರುವ ಭಾನುವಾರ ಸಂಘದ ಸರ್ವಸದಸ್ಯರ ಸಭೆ ಇದೆ. ಗುತ್ತಿಗೆ ಕೆಲಸಗಾರರನ್ನೂ ಬದಲಿಗಳನ್ನೂ ಸಂಘದ ಪೂರ್ಣ ಸದಸ್ಯರನ್ನಾಗಿ ಮಾಡಿಕೊಳ್ಳಬೇಕೆ, ಬೋನಸ್ಸಿನ ಬೇಡಿಕೆಯಲ್ಲಿ ಅವರ ಹೆಸರನ್ನೂ ಬರೆಯಬೇಕೆ ಎಂಬುದು ಅಲ್ಲಿಯ ಪ್ರಶ್ನೆ. ವಿರೋಧವಾಗಿ ಮಾತನಾಡುವವರು ಹೇಳುವುದೇನು? ಅವರು ನಮ್ಮ ಊರಿನವರಲ್ಲ, ಒಡಿಯಾ ಮಾತನಾಡುತ್ತಾರೆ, ಹಿಂದಿ ಮಾತನಾಡುತ್ತಾರೆ. ಇವತ್ತು ಇದ್ದು ನಾಳೆ ಹೋಗುತ್ತಾರೆ. ಅವರನ್ನು ಸೇರಿಸಿದರೆ ಇರುವ ಬೋನಸ್ಸಿಗೆ ಪಾಲುದಾರರು ಹೆಚ್ಚುತ್ತಾರೆ. ಮಾಲೀಕ ಖಾಯಂ ಜನರೊಡನೆ ಬೇಗ ಒಪ್ಪಂದಕ್ಕೆ ಬರಬಹುದು.

ಕೊನೆಯ ಮಾತು ನಿಜ. ಮಾಲೀಕ ಬೇಗ ಒಪ್ಪಬಹುದು. ಏಕೆ ಒಪ್ಪುತ್ತಾನೆ ಎಂದು ಯೋಚಿಸಿ. ಇವತ್ತು ನೂರು ಖಾಯಂ ಜನರಿಗೆ ಒಂದಿಷ್ಟು ಕೊಟ್ಟು ಬಾಯಿ ಮುಚ್ಚಿಸಿದರೆ, ಅವರು ಒಬ್ಬೊಬ್ಬರಾಗಿ ನಿವೃತ್ತಿಯಾದಂತೆ ಆ ಜಾಗಕ್ಕೆ ಅರ್ಧ ಕೂಲಿಯ ಗುತ್ತಿಗೆಯವನನ್ನು ತರಬಹುದು. ಮುಂದಿನ ಮುಷ್ಕರದ ದಿನ ಯಂತ್ರ ನಡೆಸುವವರು ಯಾರು? ನಾವು ಹೊರಗಿಟ್ಟವರೇ. ಅವರು ನಮಗೆ ದ್ರೋಹ ಮಾಡಿದರು ಎಂದು ಆಗ ನಾವು ಬೊಬ್ಬೆ ಹೊಡೆಯುತ್ತೇವೆ. ಯಾವ ಬಾಯಿಂದ? ಪಾಲು ಕೊಡದವನಿಗೆ ಅಣ್ಣನೆನ್ನಿಸಿಕೊಳ್ಳುವ ಹಕ್ಕು ಇಲ್ಲ; ಇದನ್ನು ಮಾಲೀಕನಿಗೆ ಹೇಳಿದ ನಾಲಿಗೆ ನಮಗೂ ಹೇಳಿಕೊಳ್ಳಬೇಕು. ಮುಂಬಯಿಯ ಲಾಳಿಯನ್ನು ನೆನೆಯಿರಿ. ಅಮೆರಿಕದ ಬಿಳಿಯರ ಸೋದರ ಸಂಘವನ್ನು ನೆನೆಯಿರಿ. ಹೊರಗಿಟ್ಟವರ ಹೆಸರು ಮಾತ್ರ ಬದಲಾಗಿದೆ.

ಹುಟ್ಟು ಬೇರೆಯಾದವರೊಡನೆ ಒಂದಾಗುವುದು ಸುಲಭ ಎಂದು ನಾನು ಹೇಳುವುದಿಲ್ಲ. ಒಡಿಯಾದವನ ಮಾತು ನಮಗೆ ತಿಳಿಯುವುದಿಲ್ಲ, ನಮ್ಮ ಮಾತು ಅವನಿಗೆ ತಿಳಿಯುವುದಿಲ್ಲ. ಅವನಿಗೆ ನಾಲ್ಕು ಕನ್ನಡ ಮಾತು ಕಲಿಸಿ. ಮೊದಲು ಕಲಿಸುವ ಮಾತು "ಅಣ್ಣಾ" ಆಗದಿರಲಿ. "ನನ್ನ ಹಾಜರಿ ಬರೆಯಿರಿ", "ನನ್ನ ಪಾಲು ಎಷ್ಟು" ಎಂಬ ಮಾತುಗಳಾಗಲಿ. ಅವನು ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ಅವನೇ ನಿಶ್ಚಯಿಸುತ್ತಾನೆ.

ಕೊನೆಯಲ್ಲಿ ಮೂರು ಸೂಚನೆಗಳನ್ನು ನಿಮ್ಮ ಮುಂದಿಡುತ್ತೇನೆ. ಭಾನುವಾರದ ಸಭೆಯಲ್ಲಿ ಗುತ್ತಿಗೆಯವರ ಸದಸ್ಯತ್ವದ ಪರವಾಗಿ ಕೈ ಎತ್ತಿರಿ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ರೀಲಿಂಗ್ ವಿಭಾಗದ ಅಕ್ಕತಂಗಿಯರಿಗೆ ಅವರ ಸಂಖ್ಯೆಗೆ ತಕ್ಕಷ್ಟು ಜಾಗ ಕೊಡಿ. ಸಹೋದರಿಯರೆ ಎಂದು ವೇದಿಕೆಯಿಂದ ಕೂಗಿದ ಮೇಲೆ ವೇದಿಕೆಯ ಮೇಲೆ ಕುರ್ಚಿಯನ್ನೂ ಹಾಕಬೇಕು. ಮೂರನೆಯದಾಗಿ, ನಮ್ಮ ಸಂಘದ ಲೆಕ್ಕವನ್ನು ಪ್ರತಿ ತಿಂಗಳು ಹೆಬ್ಬಾಗಿಲ ಎದುರು ಗೋಡೆಗೆ ಅಂಟಿಸೋಣ. ಮಾಲೀಕನ ಪುಸ್ತಕ ಕೇಳುವವರು ತಮ್ಮ ಪುಸ್ತಕವನ್ನು ತೆರೆದಿಟ್ಟಿರಬೇಕು.

ರಾಜ್ಯಾಂಗದಲ್ಲಿ ಸಮಾನತೆಗೆ ವಿಧಿಗಳಿವೆ, ಅಸ್ಪೃಶ್ಯತೆ ರದ್ದಾದುದಕ್ಕೆ 17ನೆಯ ವಿಧಿ ಇದೆ. ಅವು ಮುರಿದರೆ ಕೋರ್ಟಿಗೆ ಹೋಗಬಹುದು. ಭ್ರಾತೃತ್ವ ಪೀಠಿಕೆಯಲ್ಲಿದೆ, 1976ರಿಂದ ಮೂಲಭೂತ ಕರ್ತವ್ಯಗಳಲ್ಲಿಯೂ ಸಹೋದರ ಭಾವದ ಮಾತು ಇದೆ. ಆದರೆ ಪಕ್ಕದವನು ನನ್ನನ್ನು ತನ್ನವನೆಂದು ಎಣಿಸಲಿಲ್ಲ ಎಂದು ಯಾರೂ ದಾವೆ ಹೂಡಲಾಗದು. ಆ ಒಂದು ಮಾತನ್ನು ಜಾರಿಗೆ ತರುವ ಅಧಿಕಾರ ನ್ಯಾಯಾಧೀಶನಿಗಿಲ್ಲ, ಪೋಲೀಸನಿಗಿಲ್ಲ. ಅದು ಭಾನುವಾರ ಕೈ ಎತ್ತುವ ನಿಮಗೆ ಇದೆ.